ಅವರ ಖಾತೆ ನನ್ನ ಹತ್ರ, ನನ್ನ ಖಾತೆ ಅವರ ಹತ್ರ

ನಮ್ಮೂರ ಪಟ್ಟಣ ಪಂಚಾಯಿತಿ ಆಫೀಸಿಗೂ ನನ್ನ ಮೆಡಿಕಲ್ ಶಾಪಿಗೂ ನಡುವೆ ಒಂದು ಬೇಕರಿ, ಒಂದು ಝೆರಾಕ್ಸ್ ಅಂಗಡಿ, ಒಂದು ಹಳೇ ಮಾವಿನ ಮರ ಇದೆ. ನಡೆದರೆ ಮೂರು ನಿಮಿಷ. ಆ ಮೂರು ನಿಮಿಷದ ದಾರಿಯಲ್ಲಿ ನಾನು ಒಂಬತ್ತು ತಿಂಗಳು ಓಡಾಡಿದೆ. ಕೊನೆಕೊನೆಗೆ ಬೇಕರಿಯವರು ನನ್ನ ಮುಖ ನೋಡಿಯೇ "ಇವತ್ತೂ ಆಗ್ಲಿಲ್ವಾ?" ಅಂತ ಕೇಳಿ, ಹೇಳದೇನೇ ಒಂದು ಟೀ ತಂದಿಡುತ್ತಿದ್ದರು.

ವಿಷಯ ಇಷ್ಟೇ. ಅಜ್ಜ ಕೊಂಡಿದ್ದ ಮನೆ ಹಳತಾಗಿತ್ತು. ಪೇಟೆ ಬೀದಿಯ ಐದು ಅಂಕಣದ ಹಂಚಿನ ಮನೆ. ಹಿಂದಿನ ಮಳೆಗಾಲದಲ್ಲಿ ಅಡುಗೆಮನೆ ಗೋಡೆ ಹೊಟ್ಟೆ ಬಿಟ್ಟಿತ್ತು. ಅದನ್ನು ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಬೇಕು. ಅದಕ್ಕೆ ಕಟ್ಟಡ ಪರವಾನಗಿ ಬೇಕು.

ಬೇಕು ಅಂದೆ, ಅದೂ ಪೂರ್ತಿ ನಿಜ ಅಲ್ಲ. ನಮ್ಮ ಬೀದಿಯಲ್ಲಿ ಗುದ್ದಲಿ ಪೂಜೆ ಮೊದಲು, ಪರವಾನಗಿ ಆಮೇಲೆ. ಕೆಲವರಿಗೆ ಆ ಆಮೇಲೆ ಇನ್ನೂ ಬಂದಿಲ್ಲ. ನಮ್ಮ ಮೇಸ್ತ್ರಿಯೂ "ಪಾಯ ತೆಗ್ದುಬಿಡಾಣ ಸಾರ್, ಕಾಗದ ಅದರ ಪಾಡಿಗೆ ಅದು ಬರ್ತದೆ" ಅಂತಲೇ ಶುರು ಮಾಡಿದ್ದು. ನಾನೇನೂ ಕಾನೂನಿಗೆ ಪೂಜೆ ಮಾಡೋನಲ್ಲ. ಆದರೆ ಕೈಯಲ್ಲಿ ಪೂರ್ತಿ ದುಡ್ಡು ಇರಲಿಲ್ಲ. ಅನುಮೋದನೆ ಆದ ಪ್ಲಾನ್ ತೋರಿಸದೆ ಸಾಲ ಇಲ್ಲ ಅಂತ ಬ್ಯಾಂಕಿನವರು ಮೊದಲ ದಿನವೇ ಹೇಳಿಬಿಟ್ಟರು. ಸಾಲ ಬೇಡವಾಗಿದ್ದರೆ ನಾನೂ ಪಾಯ ತೆಗೆಸಿಬಿಡುತ್ತಿದ್ದೆನೋ ಏನೋ.

ಹಾಗೆ 2023ರ ನವೆಂಬರಿನ ಒಂದು ಬೆಳಿಗ್ಗೆ ಅಂಗಡಿ ಹುಡುಗನ ಕೈಗೆ ಬಿಟ್ಟು ಆಫೀಸಿಗೆ ಹೋದೆ. ಕಡತ ನೋಡೋ ಗುಮಾಸ್ತರು, ಅಂದರೆ ಕೇಸ್ ವರ್ಕರ್, ನಕ್ಕು ಕುರ್ಚಿ ಎಳೆದು ಕೊಟ್ಟರು. ಕೇಳಿದ್ದು ಒಂದೇ ಪ್ರಶ್ನೆ.

"ಖಾತೆ ಯಾರ ಹೆಸರಲ್ಲಿದೆ ಸಾರ್?"

ಅಜ್ಜನ ಹೆಸರಲ್ಲಿತ್ತು. ಅಜ್ಜ ತೀರಿಕೊಂಡದ್ದು 1987ರಲ್ಲಿ. ಅಪ್ಪ ಇರೋ ತನಕ ವರ್ಷ ವರ್ಷ ತಪ್ಪದೆ ಕಂದಾಯ ಕಟ್ಟಿದರು, ರಸೀದಿಗಳನ್ನು ತಂತಿಗೆ ಚುಚ್ಚಿ ಇಟ್ಟರು, ಹೆಸರು ಮಾತ್ರ ಬದಲಾಯಿಸಲಿಲ್ಲ. ಆಮೇಲೆ ನಾನೂ ಹಾಗೇ ಮಾಡಿದೆ. ಒಟ್ಟಿನಲ್ಲಿ ನಮ್ಮಜ್ಜ ಸತ್ತ ಮೇಲೂ 36 ವರ್ಷ ಊರಿಗೆ ಕಂದಾಯ ಕಟ್ಟಿದ ಮನುಷ್ಯ.

ಈ ಕೇಸ್ ವರ್ಕರ್ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು. ಅವರು ನನ್ನ ಅಂಗಡಿಯ ಗಿರಾಕಿ. ತಿಂಗಳಿಗೊಮ್ಮೆ ಮಾತ್ರೆ ಒಯ್ಯುತ್ತಾರೆ. ಯಾವ ಮಾತ್ರೆ ಅಂತ ಬರೆಯುವುದಿಲ್ಲ, ನಮ್ಮ ಕಸುಬಿಗೂ ಒಂದು ಮರ್ಯಾದೆ ಇದೆ. ಸಂಬಳ ತಡವಾದ ತಿಂಗಳು "ಬರ್ಕೊಳ್ಳಿ ಸಾರ್" ಅನ್ನುತ್ತಾರೆ. ಕೌಂಟರ್ ಕೆಳಗಿನ ಉದ್ದನೆ ಪುಸ್ತಕದಲ್ಲಿ ಅವರಿಗೊಂದು ಪುಟ ಇದೆ. ಅದಕ್ಕೂ ನಾವು ಖಾತೆ ಅಂತಲೇ ಅನ್ನೋದು. ಅವರ ಖಾತೆ ನನ್ನ ಹತ್ರ, ನನ್ನ ಖಾತೆ ಅವರ ಹತ್ರ. ಸಾಲದ್ದಕ್ಕೆ ಅವರ ಹೆಂಡತಿ ನನ್ನ ಮಗಳಿಗೆ ಗಣಿತ ಟೀಚರ್.

ಖಾತೆ ಬದಲಾವಣೆಗೆ ಅಜ್ಜನ ಮರಣ ಪತ್ರ, ಅಪ್ಪನ ಮರಣ ಪತ್ರ, ನಾಡಕಚೇರಿಯ ವಂಶವೃಕ್ಷ ಇವೆಲ್ಲ ಬೇಕಾದವು. ಹೇಗೋ ಆದವು. ವಂಶವೃಕ್ಷ ಕೈಗೆ ಬಂದಾಗ ಅದರಲ್ಲಿ ಅಪ್ಪನ ಪಕ್ಕ ಇಬ್ಬರು ಅತ್ತೆಯಂದಿರ ಹೆಸರೂ ಇತ್ತು. ಇರಲೇಬೇಕು. ವಿಲ್ ಬರೆಯದೆ ತೀರಿಕೊಂಡವರು ತಾವೇ ಕೊಂಡ ಆಸ್ತಿಯಲ್ಲಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಇಬ್ಬರೂ ಬಂದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು.

ಇದನ್ನು ಬಾಯಿ ಬಿಟ್ಟು ಕೇಳೋದು ಎಷ್ಟು ಕಷ್ಟ ಅಂತ ಕೇಳಿದವರಿಗೇ ಗೊತ್ತು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಡ್ತೀವಿ, ಸೀರೆ ಕೊಡ್ತೀವಿ, ಈ ವರ್ಷ ಮಾತ್ರ ಒಂದು ಕಾಗದ ತೆಗೆದುಕೊಂಡು ಹೋಗಿ "ಇಲ್ಲೊಂದು ಸೈನ್" ಅನ್ನೋದು. ದೊಡ್ಡತ್ತೆ ಏನೂ ಕೇಳದೆ ಒಪ್ಪಿದರು. ಚಿಕ್ಕತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾವಿ ಮುಚ್ಚಲ್ಲ ಅಂತ ಹೇಳು, ಹಾಕ್ತೀನಿ" ಅಂದರು. ಹಿತ್ತಿಲ ಬಾವಿ. ಅವರು ಹುಡುಗಿಯಾಗಿದ್ದಾಗ ದಿನಕ್ಕೆ ನಲವತ್ತು ಕೊಡ ಸೇದಿದ ಬಾವಿ. ಈಗ ಅದರಲ್ಲಿ ಒಂದು ಮೋಟಾರು, ಒಂದಿಷ್ಟು ಜರೀಗಿಡ ಇದೆ. ಮುಚ್ಚಲ್ಲ ಅಂದೆ. ಮಾತು ಕೊಡುವಾಗ ಇದು ನನ್ನ ಪ್ಲಾನನ್ನೇ ತಿರುಗಾಮುರುಗ ಮಾಡುತ್ತದೆ ಅಂತ ಗೊತ್ತಿರಲಿಲ್ಲ. ಅದು ಮುಂದೆ.

ಖಾತೆ ನನ್ನ ಹೆಸರಿಗೆ ಬಂತು. ಆದರೆ ಈಗ ಖಾತೆ ಇದ್ದರೆ ಸಾಲದು, ಇ-ಖಾತೆ ಬೇಕು. ಅಂದರೆ ಮನೆಯ ನಾಲ್ಕು ದಿಕ್ಕು, ಉದ್ದ ಅಗಲ, ಫೋಟೋ ಎಲ್ಲ ಇ-ಆಸ್ತಿ ತಂತ್ರಾಂಶದ ಒಳಗೆ ಹೋಗಿ ನಮೂನೆ-3 ಆಗಿ ಹೊರಗೆ ಬರಬೇಕು. ಅದಕ್ಕೆ ಮೂಲ ಪತ್ರ ತೆಗೆದೆ. 1958ರ ಕ್ರಯಪತ್ರ. ಮಡಿಕೆ ಮಡಿಕೆಗೆ ಹರಿದಿದೆ, ಶಾಯಿ ಕಂದಿದೆ, ಆದರೆ ಬರೆದವನ ಕೈ ಮುತ್ತು ಪೋಣಿಸಿದ ಹಾಗಿದೆ. ಆ ಪತ್ರದ ಪ್ರಕಾರ ಅಜ್ಜ ಕೊಂಡದ್ದು ಬರೀ ಮನೆಯಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಅಂತ ಅಷ್ಟಭೋಗಗಳನ್ನೂ ಕೊಂಡಿದ್ದಾರೆ. ಶಾಸನಗಳ ಕಾಲದಿಂದ ಬಂದ ಮಾತು. ಮುಂದೆ ನೆಲದೊಳಗೆ ನಿಧಿ ಸಿಕ್ಕರೂ ಕೊಂಡವನದೇ ಅಂತ. ಇ-ಆಸ್ತಿಯಲ್ಲಿ ನಿಧಿಗೆ ಕಾಲಂ ಇಲ್ಲ. ಬೋರ್‌ವೆಲ್‌ಗೆ ಇದೆಯಾ ಅಂತ ನೋಡಲಿಲ್ಲ.

ಅಳತೆ: ಅಗಲ 12 ಮೊಳ, ಉದ್ದ 56 ಮೊಳ.

ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿ. ಲೆಕ್ಕಕ್ಕೆ ಒಂದೂವರೆ ಅಡಿ. ಹಾಗೆ ಹಳೇ ಖಾತೆಯಲ್ಲಿ ಯಾರೋ 18 ಅಡಿ, 84 ಅಡಿ ಅಂತ ಬರೆದಿದ್ದರು. ಕಂಪ್ಯೂಟರಿಗೆ ಅದು ಮೀಟರಿನಲ್ಲಿ ಬೇಕು. ಒಂದೇ ಜಾಗ, ಮೂರು ಕಾಲದ ಮೂರು ಅಳತೆ.

ಬಿಲ್ ಕಲೆಕ್ಟರ್ ಟೇಪು ತಂದರು. ಉದ್ದ 84 ಅಡಿ ಸರಿಯಾಗಿ ಬಂತು. ಅಗಲ 17 ಅಡಿ 4 ಇಂಚು.

ಮತ್ತೆ ಹಿಡಿದರು. 17 ಅಡಿ 4 ಇಂಚು. ಎಂಟು ಇಂಚು ಇಲ್ಲ.

"ದಾಖಲೆ ಒಂದು, ಅಳತೆ ಒಂದು ಆದ್ರೆ ಆಗಲ್ಲ ಸಾರ್. ಸ್ಥಳದಲ್ಲಿ ಎಷ್ಟಿದೆಯೋ ಅಷ್ಟೇ ಹಾಕ್ತೀನಿ" ಅಂದರು.

ಎಂಟು ಇಂಚು ತಾನೇ ಅಂತ ಈಗ ಅನ್ನಿಸುತ್ತೆ. ಅವತ್ತು ಹಾಗೆ ಅನ್ನಿಸಲಿಲ್ಲ. 65 ವರ್ಷದಿಂದ ನಮ್ಮದು ಅಂದುಕೊಂಡ ಜಾಗದಲ್ಲಿ ಯಾರೋ ಒಂದು ಪಟ್ಟಿ ಕತ್ತರಿಸಿಕೊಂಡು ಹೋದ ಹಾಗೆ ಅನ್ನಿಸಿತು. ಪಶ್ಚಿಮಕ್ಕೆ ಓಣಿ. ಓಣಿಯವರು ಒತ್ತಿಕೊಂಡರಾ? ಚರಂಡಿ ಮಾಡಿದಾಗ ಹೋಯಿತಾ? ಬಿಲ್ ಕಲೆಕ್ಟರ್ ನನ್ನನ್ನು ಸಮಾಧಾನ ಮಾಡಲು "ನಿಮ್ಮಜ್ಜನ ಮೊಳ ಸ್ವಲ್ಪ ಗಿಡ್ಡ ಇರಬೇಕು ಬಿಡಿ" ಅಂದರು. ನನಗೆ ನಗು ಬರಲಿಲ್ಲ.

ಇಷ್ಟು ಹೊತ್ತೂ ಪೂರ್ವದ ಮನೆಯ ದೊಡ್ಡಮ್ಮ ತಮ್ಮ ಜಗುಲಿ ಮೇಲೆ ಕೂತು ಅಡಿಕೆ ಹೋಳು ಮಾಡುತ್ತಾ ನಮ್ಮನ್ನೇ ನೋಡುತ್ತಿದ್ದರು. ರಕ್ತಸಂಬಂಧ ಏನಿಲ್ಲ, ನಾನು ಹುಟ್ಟಿದಾಗಿನಿಂದ ದೊಡ್ಡಮ್ಮ. ಎಂಬತ್ತು ದಾಟಿದೆ.

"ಟೇಪನ್ನ ಎಲ್ಲಿಂದ ಹಿಡಿದ್ಯೋ ಮಾರಾಯ?" ಅಂದರು.

ಗೋಡೆಯಿಂದ, ಅಂದರು ಬಿಲ್ ಕಲೆಕ್ಟರ್.

"ಗೋಡೆ ಎಲ್ಲಿಂದ? ಈಚೆ ಮೈಯಿಂದ ಅಲ್ವಾ? ಆ ಗೋಡೆ ಇಬ್ಬರದ್ದು. ಕಲ್ಲು ಇವನಜ್ಜ ತರಿಸಿದ್ರು, ಕೂಲಿ ನಮ್ಮ ಮಾವ ಕೊಟ್ರು. ಅರ್ಧ ಗೋಡೆಯಿಂದ ಹಿಡಿ."

ನಮ್ಮ ಎರಡು ಮನೆಗೂ ನಡುವೆ ಇರೋದು ಒಂದೇ ಗೋಡೆ. ಜಂಬಿಟ್ಟಿಗೆ, ಮಣ್ಣಿನ ಗಾರೆ. ಬಾಗಿಲ ಸಂದಿಯಲ್ಲಿ ದಪ್ಪ ಅಳೆದು ನೋಡಿದರು. ಹದಿನಾರು ಇಂಚು. ಅರ್ಧ ಅಂದರೆ ಎಂಟು.

12 ಮೊಳ ಸರಿಯಾಗಿಯೇ ಇತ್ತು. ಬಿಲ್ ಕಲೆಕ್ಟರ್ 5.49 ಮೀಟರ್ ಅಂತ ಬರೆದುಕೊಂಡರು. ನಾನು ಆವತ್ತು ಸಂಜೆ ದೊಡ್ಡಮ್ಮನಿಗೆ ಒಂದು ಡಬ್ಬ ನೋವಿನ ಮುಲಾಮು ಕೊಟ್ಟು ಬಂದೆ. ದುಡ್ಡು ಬೇಡ ಅಂದೆ. "ಹಾಗೆಲ್ಲ ಬೇಡ, ಬರ್ಕೊ" ಅಂದರು.

ನಮ್ಮದು ಗ್ರಾಮಠಾಣಾ ಒಳಗಿನ ಹಳೇ ಜಾಗ, ಹಾಗಾಗಿ ಒಂದು ದೊಡ್ಡ ತಲೆನೋವು ತಪ್ಪಿತು. ಊರ ಹೊರಗೆ ಗದ್ದೆ ಸೀಳಿ ಮಾಡಿದ ಸೈಟು ಕೊಂಡವರನ್ನು ಕೇಳಿ ನೋಡಿ. ಮೊದಲು ಭೂಪರಿವರ್ತನೆ, ಅದಕ್ಕೆ ಭೂಕಂದಾಯ ಕಾಯ್ದೆಯ ಕಲಂ 95, ಜಿಲ್ಲಾಧಿಕಾರಿ ಆದೇಶ, ಆಮೇಲೆ ಬಡಾವಣೆ ನಕ್ಷೆ. ಅದ್ಯಾವುದೂ ಆಗಿಲ್ಲ ಅಂದರೆ ಮನೆ ಇದ್ದೂ ಇಲ್ಲದ ಹಾಗೆ. ನನ್ನ ಸ್ನೇಹಿತನೊಬ್ಬ ಹನ್ನೆರಡು ವರ್ಷದಿಂದ ಅಂಥ ಮನೆಯಲ್ಲಿ ಸಂಸಾರ ಮಾಡುತ್ತಿದ್ದಾನೆ. 2025ರಲ್ಲಿ ಇಂಥ ಮನೆಗಳಿಗೂ ಖಾತೆ ಕೊಡೋ ಬಿ-ಖಾತಾ ಅಭಿಯಾನ ಅಂತ ಬಂದಾಗ ಅವನು ಸರತಿಯಲ್ಲಿ ಮೊದಲನೆಯವನು. ಅವನ ಕಥೆ ಅವನೇ ಬರೆಯಲಿ.

ಇನ್ನು ಪ್ಲಾನ್. ಈಗ ಅರ್ಜಿಯನ್ನು ಕೈಯಾರೆ ಕೊಡೋ ಹಾಗಿಲ್ಲ. ಲೈಸೆನ್ಸ್ ಇರೋ ಇಂಜಿನಿಯರ್ ಒಬ್ಬರು ಡ್ರಾಯಿಂಗ್ ಮಾಡಿ ಆನ್‌ಲೈನಿನಲ್ಲಿ ಹಾಕಬೇಕು. ಎಲ್‌ಬಿಪಿಎಎಸ್ ಅಂತ ಅದರ ಹೆಸರು. ನಮ್ಮೂರಲ್ಲಿ ಅದನ್ನು ಉಚ್ಚರಿಸೋಕೆ ಹೋಗದೆ ಎಲ್ಲರೂ "ಸಿಸ್ಟಮ್" ಅನ್ನುತ್ತಾರೆ. ಸಿಸ್ಟಮ್ ತಗಳ್ತಿಲ್ಲ. ಸಿಸ್ಟಮ್ ಬಿಡ್ತಿಲ್ಲ. ಒಳ್ಳೆ ಮನೆ ಅಳಿಯನ ಹಾಗೆ, ಏನು ಮುನಿಸು ಅಂತ ಹೇಳೋದಿಲ್ಲ.

ಮೊದಲ ಮುನಿಸು ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ. ಇಂಜಿನಿಯರ್ ಹುಡುಗ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಎರಡೂ ಪಕ್ಕ ಒಂದೊಂದು ಮೀಟರ್ ಬಿಟ್ಟರೆ 18 ಅಡಿಯಲ್ಲಿ ಉಳಿಯೋದು ಹನ್ನೊಂದೂವರೆಗೂ ಚೂರು ಕಮ್ಮಿ. ಗೋಡೆಗಳ ದಪ್ಪ ಕಳೆದರೆ ಹತ್ತು ಅಡಿ. "ಇದು ಮನೆ ಅಲ್ಲ ಸಾರ್, ರೈಲು ಬೋಗಿ" ಅಂದ.

ನನಗೆ ಸಿಟ್ಟು ಬಂತು. ಪೇಟೆ ಬೀದಿಯ ಮನೆಗಳು ಇರೋದೇ ಹಾಗೆ. ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಎದುರಿಗೆ ಅಗಲ ಕಮ್ಮಿ, ಹಿಂದಕ್ಕೆ ಉದ್ದ ಜಾಸ್ತಿ. ಮುಂದೆ ಅಂಗಡಿ, ನಡುವೆ ಸಂಸಾರ, ಹಿಂದೆ ಹಿತ್ತಲು, ಬಾವಿ, ಕೊಟ್ಟಿಗೆ. ಎಲ್ಲರಿಗೂ ಬೀದಿಯ ಮುಖ ಒಂದಿಷ್ಟು ಸಿಗಲಿ ಅಂತ ಹಿರಿಯರು ಹಂಚಿಕೊಂಡ ಲೆಕ್ಕ ಅದು. ಈ ಸೆಟ್‌ಬ್ಯಾಕ್ ನಿಯಮಗಳು ಹುಟ್ಟಿದ್ದು 30x40 ಅಡಿಯ ಸೈಟುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು. ಅದನ್ನು ತಂದು ಹಳೇ ಪೇಟೆಗೆ ತೊಡಿಸಿದರೆ ಮಗುವಿಗೆ ಅಪ್ಪನ ಅಂಗಿ ಹಾಕಿದ ಹಾಗೆ. ಹೀಗೆಲ್ಲ ಪಂಚಾಯಿತಿಯ ಜೂನಿಯರ್ ಇಂಜಿನಿಯರ್, ಅಂದರೆ ಜೆಇ, ಮುಂದೆ ಭಾಷಣ ಮಾಡಿದೆ.

ಜೆಇ ಪೂರ್ತಿ ಕೇಳಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಯಲುಸೀಮೆ ಕಡೆಯವರು. "ನಿಮ್ಮ ಮನೇಲಿ ಮಧ್ಯಾಹ್ನ ಹನ್ನೆರಡಕ್ಕೆ ನಡುಮನೇಲಿ ಲೈಟ್ ಹಾಕ್ಕೋತೀರೋ ಇಲ್ವೋ?" ಅಂತ ಕೇಳಿದರು.

ಹಾಕ್ಕೋತೀವಿ. ಹುಟ್ಟಿದಾಗಿನಿಂದ ಹಾಕ್ಕೋತೀವಿ. ಅಮ್ಮ ನಲವತ್ತು ವರ್ಷ ಆ ಕತ್ತಲಲ್ಲಿ ಅಕ್ಕಿ ಆರಿಸಿದ್ದಾರೆ. ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ಕೈ ಒದ್ದೆ.

ಅವರೇ ದಾರಿ ಹೇಳಿದರು. ಪೂರ್ವಕ್ಕೆ ಹೇಗೂ ಗೋಡೆ ಹಂಚಿಕೊಂಡಿದ್ದೀರಿ, ಪಕ್ಕದವರ ಒಪ್ಪಿಗೆ ಪತ್ರ ತನ್ನಿ. ಓಣಿಯ ಕಡೆ ಒಂದು ಮೀಟರಿಗೆ ಒಂದು ಇಂಚೂ ಕಮ್ಮಿ ಮಾಡದೆ ಬಿಡಿ, ಎಲ್ಲಾ ಕೋಣೆಗೂ ಆ ಕಡೆ ಕಿಟಕಿ ಇಡಿ. ಬರೆದು ಕಳಿಸ್ತೀನಿ. ನನ್ನ ಭಾಷಣಕ್ಕಿಂತ ಇದು ಒಳ್ಳೆಯದಿತ್ತು.

ಎರಡನೇ ಮುನಿಸು ಬಾವಿ. ನಮ್ಮೂರಿಗೆ ಒಳಚರಂಡಿ ಇಲ್ಲ. ಪ್ಲಾನಿನಲ್ಲಿ ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ತೋರಿಸಲೇಬೇಕು. ಎಲ್ಲರೂ ಅದನ್ನು ಹಿತ್ತಿಲಿಗೆ ಹಾಕೋದು. ಆದರೆ ಹಿತ್ತಿಲಲ್ಲಿ ನಮ್ಮ ಬಾವಿ, ಗೋಡೆಯಾಚೆ ದೊಡ್ಡಮ್ಮನ ಬಾವಿ. ಬಾವಿ ಮುಚ್ಚಿದ್ದರೆ ಎಲ್ಲ ಸಲೀಸು. ಚಿಕ್ಕತ್ತೆಗೆ ಮಾತು ಕೊಟ್ಟಾಗಿದೆ. ಕೊನೆಗೆ ಸೆಪ್ಟಿಕ್ ಟ್ಯಾಂಕು ಮನೆ ಮುಂದಕ್ಕೆ ಬಂತು, ರಸ್ತೆ ಕಡೆಗೆ, ಕಾರು ನಿಲ್ಲಿಸೋ ಜಾಗದ ಅಡಿಗೆ. ಅದಕ್ಕೆ ತಕ್ಕ ಹಾಗೆ ಬಚ್ಚಲು ಮುಂದಕ್ಕೆ, ದೇವರ ಮನೆ ಹಿಂದಕ್ಕೆ. ವಾಸ್ತು ನೋಡೋ ಭಟ್ಟರು ಒಂದು ವಾರ ನನ್ನ ಹತ್ರ ಮಾತು ಬಿಟ್ಟರು. ಇಷ್ಟೆಲ್ಲ ಆಗಿ ಅಪ್‌ಲೋಡ್ ಮಾಡಿದರೆ ಸಿಸ್ಟಮ್ ವಾಪಸ್ ಕಳಿಸಿತು. ಕಾರಣ: ಬಾವಿಯನ್ನು ತಪ್ಪು ಲೇಯರಿನಲ್ಲಿ ಬರೆದಿದ್ದಾರೆ.

ದೊಡ್ಡಮ್ಮನ ಒಪ್ಪಿಗೆ ಪತ್ರ ಅಂದುಕೊಂಡಷ್ಟು ಸುಲಭ ಆಗಲಿಲ್ಲ. ಅವರ ಮಗ ಬೆಂಗಳೂರಿನಿಂದ ಫೋನ್ ಮಾಡಿ "ಅಮ್ಮ ಎಂತಕ್ಕೂ ಸೈನ್ ಹಾಕೋದು ಬೇಡ, ನಾನು ಬಂದು ನೋಡ್ತೀನಿ" ಅಂದ. ತಪ್ಪೇನಿಲ್ಲ, ನಾನಾದರೂ ಹಾಗೇ ಹೇಳುತ್ತಿದ್ದೆ. ಎರಡು ವಾರ ಬಿಟ್ಟು ಬಂದ. ಅವನ ಮನೆಯ ಜಂತಿಗಳು ಕೂತಿರೋದೇ ಆ ಗೋಡೆ ಮೇಲೆ. ಅದನ್ನು ಕೆಡವಿದರೆ ಅವರ ಮಾಡು ಇಳಿಯುತ್ತದೆ. "ಗೋಡೆ ಮುಟ್ಟಬೇಡ, ಒತ್ತಾಗಿ ನಿನ್ನ ಬೇರೆ ಗೋಡೆ ಏಳಿಸ್ಕೋ, ಹಾಗಾದ್ರೆ ಬರ್ಕೊಡ್ತೀವಿ" ಅಂದ. ಒಪ್ಪಿದೆ. ಅಷ್ಟು ಹೋರಾಡಿ ಪಡೆದ ಎಂಟು ಇಂಚು ಹಾಗೇ ಗೋಡೆಯೊಳಗೆ ನಿಂತುಬಿಟ್ಟಿತು. ಕಾಗದದಲ್ಲಿ ನನ್ನದು.

2024ರ ಫೆಬ್ರವರಿ ಕೊನೆಗೆ ಅರ್ಜಿ ಒಳಗೆ ಹೋಯಿತು. ಹೇಳಿದ ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನೋ ಸರ್ಕಾರದ ಸಕಾಲ ವ್ಯವಸ್ಥೆಯ ಹದಿನೈದು ಅಂಕಿಯ ನಂಬರು ಮೊಬೈಲಿಗೆ ಬಂತು. ಏಪ್ರಿಲ್‌ನಲ್ಲಿ ಪಾಯ, ಮೇ ಕೊನೆಗೆ ಲಿಂಟಲ್, ಮಳೆ ಬಿಟ್ಟ ಮೇಲೆ ಮಾಡು ಅಂತ ಮೇಸ್ತ್ರಿ ಲೆಕ್ಕ ಹಾಕಿದ.

ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ ಆಯಿತು.

"ನೀತಿ ಸಂಹಿತೆ ಇದೆಯಲ್ಲ ಸಾರ್" ಅಂದರು ಕೇಸ್ ವರ್ಕರ್. ನನ್ನ ಬಚ್ಚಲಮನೆಗೂ ಲೋಕಸಭೆಗೂ ಏನು ಸಂಬಂಧ ಅಂತ ಕೇಳಿದೆ. ಸಂಬಂಧ ಇಲ್ಲ, ಆದರೆ ಸಿಬ್ಬಂದಿ ಇಲ್ಲ, ಎಲ್ಲರಿಗೂ ಚುನಾವಣೆ ಡ್ಯೂಟಿ. ಸರಿ. ಮೇ 7ಕ್ಕೆ ನಮ್ಮ ಕಡೆ ಮತದಾನ ಮುಗಿಯಿತು. ಆಮೇಲೆ ಮುಖ್ಯಾಧಿಕಾರಿಗಳಿಗೆ ವರ್ಗ ಆಯಿತು. ಹೊಸಬರು ಬರಲಿಲ್ಲ, ಪಕ್ಕದ ಪಟ್ಟಣದವರಿಗೆ ಪ್ರಭಾರ ಕೊಟ್ಟರು. ಅವರು ಬರೋದು ಮಂಗಳವಾರ, ಶುಕ್ರವಾರ. ಕಡತಕ್ಕೆ ಡಿಜಿಟಲ್ ಸಹಿ ಹಾಕೋ ಕೀ, ಪೆನ್‌ಡ್ರೈವ್ ಥರದ್ದು, ಅವರ ಜೇಬಿನಲ್ಲಿ ಇರುತ್ತದೆ. ಮಂಗಳವಾರ ಅವರು ಬಂದರೆ ನೆಟ್‌ವರ್ಕ್ ಇಲ್ಲ. ಶುಕ್ರವಾರ ನೆಟ್‌ವರ್ಕ್ ಇದ್ದರೆ ಅವರಿಗೆ ಜಿಲ್ಲಾ ಕೇಂದ್ರದಲ್ಲಿ ಮೀಟಿಂಗ್.

ಮಲೆನಾಡಿನಲ್ಲಿ ಒಂದು ತಿಂಗಳು ತಡ ಅಂದರೆ ಒಂದು ತಿಂಗಳಲ್ಲ. ರೋಹಿಣಿ ಮಳೆ ಹನಿಯೋ ಹೊತ್ತಿಗೆ ಪಾಯ ಎದ್ದಿರಲಿಲ್ಲ ಅಂದರೆ ದೀಪಾವಳಿ ತನಕ ಕೈ ಕಟ್ಟಿ ಕೂರಬೇಕು. ಬೆಂಗಳೂರಿನ ತಂತ್ರಾಂಶಕ್ಕೆ ಆರಿದ್ರಾ, ಪುನರ್ವಸು ಗೊತ್ತಿಲ್ಲ.

ನೀವು ಕೇಳಬಹುದು, ಸಕಾಲ ಇದೆಯಲ್ಲ, ಮೇಲ್ಮನವಿ ಹಾಕಬಹುದಿತ್ತಲ್ಲ ಅಂತ. 2011ರ ಕಾಯ್ದೆ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಅದೂ ತಡ ಮಾಡಿದವರ ಸಂಬಳದಿಂದ ಮುರಿದುಕೊಳ್ಳಬೇಕು. ನನ್ನ ತಂಗಿಯ ಗಂಡ, ಬೆಂಗಳೂರಿನಲ್ಲಿರೋನು, "ಒಂದು ಅಪೀಲ್ ಹಾಕಿ ಭಾವ, ಒಂದು ಮಾಹಿತಿ ಹಕ್ಕು ಅರ್ಜಿ ಬಿಸಾಕಿ, ಓಡ್ಕೊಂಡು ಬಂದು ಕೊಡ್ತಾರೆ" ಅಂತ ವಾರಕ್ಕೊಮ್ಮೆ ಹುರಿದುಂಬಿಸುತ್ತಿದ್ದ.

ಅವನಿಗೆ ಹೇಗೆ ಹೇಳೋದು. ಆ 500 ರೂಪಾಯಿ ಮುರಿಯೋದು ಯಾರ ಸಂಬಳದಲ್ಲಿ? ಸಂಜೆ ಆರೂವರೆಗೆ ನನ್ನ ಕೌಂಟರ್ ಮುಂದೆ ನಿಂತು "ಬರ್ಕೊಳ್ಳಿ ಸಾರ್" ಅನ್ನೋರ ಸಂಬಳದಲ್ಲಿ. ಮರುದಿನ ಶಾಲೆ ಗೇಟಿನ ಹತ್ರ ಅವರ ಹೆಂಡತಿ ಸಿಕ್ಕರೆ ಯಾವ ಮುಖ ಇಟ್ಟುಕೊಂಡು ನಗಲಿ? ದೊಡ್ಡ ಊರಿನಲ್ಲಿ ಆಫೀಸಿನವರು ಆಫೀಸಿನವರೇ. ಇಲ್ಲಿ ಆಫೀಸಿನವರಿಗೆ ಒಂದು ಬೀದಿ ಇದೆ, ಒಂದು ಕಾಯಿಲೆ ಇದೆ, ಗಣಪತಿ ಸಮಿತಿಯಲ್ಲಿ ನನ್ನ ಪಕ್ಕದ ಕುರ್ಚಿ ಇದೆ. ಇದಕ್ಕೆ ನಾವು ದಾಕ್ಷಿಣ್ಯ ಅನ್ನೋದು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತ ಗಾದೆ ಇದೆ. ನಾನು ಹೆಚ್ಚುಕಮ್ಮಿ ಆ ಸ್ಥಿತಿಯಲ್ಲೇ ಇದ್ದೆ.

ಮೇ ತಿಂಗಳಲ್ಲಿ ಒಂದು ವಿಚಿತ್ರ ಆಯಿತು. ಕೇಸ್ ವರ್ಕರ್ ಅಂಗಡಿಗೆ ಬರಲಿಲ್ಲ. ಜೂನ್‌ನಲ್ಲೂ ಬರಲಿಲ್ಲ. ಮಾತ್ರೆ ಬಿಡೋ ಹಾಗಿಲ್ಲ, ಅದು ನನಗೆ ಗೊತ್ತು. ಊರಲ್ಲಿಲ್ವಾ ಅಂದುಕೊಂಡೆ. ಒಂದು ಸಂಜೆ ಬಸ್ ಸ್ಟ್ಯಾಂಡ್ ಹತ್ರ ಹೋಗಿದ್ದಾಗ ಅಲ್ಲಿನ ಇನ್ನೊಂದು ಮೆಡಿಕಲ್ ಶಾಪಿನಿಂದ ಅವರು ಹೊರಗೆ ಬರೋದು ಕಂಡಿತು. ಕೈಯಲ್ಲಿ ಕಂದು ಬಣ್ಣದ ಪೊಟ್ಟಣ. ನನ್ನನ್ನು ನೋಡಿ ಪೊಟ್ಟಣವನ್ನು ಕೊಡೆ ಮರೆಗೆ ಹಿಡಿದರು. ನಾನೂ ನೋಡದವನ ಹಾಗೆ ಎಳನೀರಿನ ಗಾಡಿ ಕಡೆ ತಿರುಗಿದೆ. ಮಳೆಗಾಲದಲ್ಲಿ ಎಳನೀರು ಯಾರು ಕುಡೀತಾರೆ.

ಅವತ್ತು ರಾತ್ರಿ ಹೊಳೆಯಿತು. ಅವರು ನನ್ನ ಕಡತ ತಡೆದಿರಲಿಲ್ಲ. ಅವರ ಮೇಜು ದಾಟಿ ಅದು ಯಾವಾಗಲೋ ಮೇಲೆ ಹೋಗಿತ್ತು. ಕೀ ಅವರ ಜೇಬಿನಲ್ಲಿ ಇಲ್ಲ. ಇದನ್ನು ನನಗೆ ದಿನಾ ಹೇಳೋಕೆ ಅವರಿಗೆ ನಾಚಿಕೆ. ಹೇಳದೆ ನನ್ನ ಕೈಯಿಂದ ಮಾತ್ರೆ ಇಸ್ಕೊಳ್ಳೋಕೂ ನಾಚಿಕೆ.

ದುಡ್ಡಿನ ಮಾತು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಚಲನ್ ಕಟ್ಟಿದ ಲೆಕ್ಕ ನನ್ನ ಹತ್ರ ಇದೆ. ಪರವಾನಗಿ ಶುಲ್ಕ, ಅಭಿವೃದ್ಧಿ ಶುಲ್ಕ, ರಸ್ತೆ ಬದಿ ಜಲ್ಲಿ ಮರಳು ಹಾಕಿಕೊಳ್ಳೋಕೆ ನೆಲಬಾಡಿಗೆ, ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ವೆಚ್ಚದ ಶೇಕಡಾ 1 ಸೆಸ್. ಇವೆಲ್ಲ ಆನ್‌ಲೈನಿನಲ್ಲಿ, ರಸೀದಿ ಸಮೇತ. ಇದಲ್ಲದೆ ಡ್ರಾಯಿಂಗ್, ಓಡಾಟ ಎಲ್ಲ ಸೇರಿ ಇಂಜಿನಿಯರ್ ಹುಡುಗನಿಗೆ 35,000 ರೂಪಾಯಿ ಪ್ಯಾಕೇಜ್. ಅದರಲ್ಲಿ ಡ್ರಾಯಿಂಗ್ ಎಷ್ಟು, ಓಡಾಟ ಎಷ್ಟು, ಎಲ್ಲಾ ಸೇರಿ ಅಂದರೆ ಏನೇನು ಸೇರಿ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಪ್ಯಾಕೇಜ್ ಅನ್ನೋ ಪದ ಬಂದಿರೋದೇ ಅದಕ್ಕೆ. ಬಿಚ್ಚಿ ನೋಡೋ ಹಾಗಿಲ್ಲ. ನಾನು ಲಂಚ ಕೊಟ್ಟಿಲ್ಲ ಅಂತ ಎದೆ ಮುಟ್ಟಿ ಹೇಳಬಲ್ಲೆನಾ ಅಂದರೆ, ಎದೆ ಮುಟ್ಟಿಕೊಳ್ಳೋಕೆ ಸ್ವಲ್ಪ ಹಿಂಜರಿಕೆ ಇದೆ.

ಪರವಾನಗಿ ಬಂದದ್ದು ಜುಲೈ ಕೊನೆಗೆ. ಹೊರಗೆ ಮೂರು ದಿನದಿಂದ ಬಿಡದೆ ಹೊಡೆಯೋ ಮಳೆ, ಶಾಲೆಗಳಿಗೆ ರಜೆ. ಕರೆಂಟಿಲ್ಲದ ಅಂಗಡಿಯಲ್ಲಿ ಮೊಬೈಲ್ ಬೆಳಗಿ "ನಿಮ್ಮ ಅರ್ಜಿ ಅನುಮೋದನೆಯಾಗಿದೆ" ಅಂತ ಮೆಸೇಜು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ಮರುದಿನ ಕರೆಂಟ್ ಬರೋ ತನಕ ಕಾದೆ. ಅದೇ ವಾರ ಸಂಜೆ ಕೇಸ್ ವರ್ಕರ್ ಕೊಡೆ ಮಡಚುತ್ತಾ ಅಂಗಡಿ ಮೆಟ್ಟಿಲು ಹತ್ತಿದರು. ಏನೂ ಆಗದವರ ಹಾಗೆ ಹಳೇ ಚೀಟಿ ಮುಂದಿಟ್ಟರು. ನಾನೂ ಏನೂ ಆಗದವನ ಹಾಗೆ ಒಂದು ಸ್ಟ್ರಿಪ್ ತೆಗೆದುಕೊಟ್ಟೆ. ಹಿಂದಿನ ಬಾಕಿ ಎಲ್ಲ ತೀರಿಸಿ, ಆವತ್ತಿನದು ಮಾತ್ರ "ಬರ್ಕೊಳ್ಳಿ" ಅಂದರು.

ದೀಪಾವಳಿ ಕಳೆದು ಪಾಯ ತೆಗೆದೆವು. ಮೇಸ್ತ್ರಿ ದಾರ ಹಿಡಿದು, ಸುಣ್ಣದ ಪುಡಿ ಚೆಲ್ಲಿ ಗೆರೆ ಹಾಕಿದ. ಓಣಿಯ ಕಡೆ ಒಂದು ಮೀಟರ್ ಬಿಡು ಅಂದಾಗ "ಮೂರಡಿ ಸಾಕಲ್ಲ ಸಾರ್, ಯಾರು ನೋಡ್ತಾರೆ" ಅಂದ. ಬೇಡ, ಬಿಡು ಅಂದೆ. ಈಗ ಹೊಸ ಅಡುಗೆಮನೆಗೆ ಮೂರು ಗಂಟೆಯ ಬಿಸಿಲು ಬರುತ್ತದೆ. ಅಮ್ಮ ಅಲ್ಲೇ ಅಕ್ಕಿ ಆರಿಸುತ್ತಾರೆ. ಜೆಇಗೆ ಅಷ್ಟರಲ್ಲಿ ವರ್ಗವಾಗಿತ್ತು, ಇದನ್ನು ಹೇಳೋಕೆ ಆಗಲಿಲ್ಲ.

ಕೆಲಸ ನಡೀತಿರೋವಾಗ, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಮನೆ ಪ್ಲಾನಿನ ಪ್ರಕಾರ ಮುಗಿದಿದೆ ಅನ್ನೋ ಪ್ರಮಾಣಪತ್ರ ನೋಡದೆ ಕರೆಂಟು, ನೀರು ಕೊಡಬೇಡಿ ಅಂತ. ಮುಂದಿನ ವರ್ಷ ರಾಜ್ಯದ ತುಂಬ ಹೊಸ ಮೀಟರಿಗೆ ಅರ್ಜಿ ಹಾಕಿದವರು ಪೇಚಾಡಿದರು. ನಮ್ಮದು ಅಜ್ಜನ ಕಾಲದ ಕರೆಂಟ್ ಸಂಪರ್ಕ, ಅದೇ ಹಳೇ ಆರ್‌ಆರ್ ನಂಬರು. "ಹಳೇ ಮೀಟರ್ ಸರೆಂಡರ್ ಮಾಡ್ಬೇಡಿ ಮಾರಾಯ್ರೇ, ಮರಕ್ಕಾದ್ರೂ ಕಟ್ಕೊಳ್ಳಿ" ಅಂತ ಲೈನ್‌ಮನ್ ಮೊದಲೇ ಹೇಳಿದ್ದ. ಹಿತ್ತಿಲ ಹಲಸಿನ ಮರಕ್ಕೆ ಹಲಗೆ ಹೊಡೆದು ಮೀಟರ್ ಕಟ್ಟಿದ್ದೆವು. ಅದು ಉಳಿಸಿತು. ಆದರೆ ಮುಗಿದ ಮನೆಯ ಪ್ರಮಾಣಪತ್ರ ನಾನಿನ್ನೂ ತೆಗೆದುಕೊಂಡಿಲ್ಲ. ತೆಗೆದುಕೊಳ್ಳೋಕೆ ಒಂದು ತೊಡಕು ಇದೆ.

ಜಗುಲಿ.

ಪ್ಲಾನಿನಲ್ಲಿ ಮನೆ ಮುಂದೆ ಸೆಟ್‌ಬ್ಯಾಕ್ ಅಂತ ಖಾಲಿ ಬಿಟ್ಟಿದೆ. ಮನೆ ಎದ್ದ ಮೇಲೆ ಅಮ್ಮ ಒಂದು ಸಂಜೆ ಹೊರಗೆ ಬಂದು ಆಚೆ ಈಚೆ ನೋಡಿ, "ಕೂರೋದೆಲ್ಲಿ?" ಅಂದರು. ಒಳಗೆ ಸೋಫಾ ಇದೆ ಅಂದೆ. ಅವರು ಕೇಳಿದ್ದು ಅದಲ್ಲ. ದೊಡ್ಡಮ್ಮ ಅವರ ಜಗುಲಿ ಮೇಲೆ ಕೂತರೆ ಅಮ್ಮ ನಮ್ಮದರ ಮೇಲೆ ಕೂತು, ನಡುವೆ ಗೋಡೆಯ ತುದಿ ಇಟ್ಟುಕೊಂಡು ನಲವತ್ತು ವರ್ಷ ಮಾತಾಡಿದವರು. ಮಾರನೇ ವಾರ ಮೇಸ್ತ್ರಿ ಉಳಿದ ಜಂಬಿಟ್ಟಿಗೆಯಲ್ಲಿ ಎರಡಡಿ ಅಗಲದ, ಎಂಟಡಿ ಉದ್ದದ ಕಟ್ಟೆ ಕಟ್ಟಿ, ಮೇಲೆ ಕೆಂಪು ಗಾರೆ ಮೆತ್ತಿದ.

ಮೊನ್ನೆ ಹೊಸ ಮನೆಯ ಕಂದಾಯ ನಿಗದಿ ಮಾಡಲು ಬಿಲ್ ಕಲೆಕ್ಟರ್ ಬಂದಿದ್ದರು, ಜೊತೆಗೆ ಕೇಸ್ ವರ್ಕರ್. ಅಳತೆ ಎಲ್ಲ ಆಗಿ, ಬಿಸಿಲಿಗೆ ಸಾಕಾಗಿ ಇಬ್ಬರೂ ಹೊರಗೆ ಬಂದು ಕೂತರು. ಕೂತ ಮೇಲೆ ಕೇಸ್ ವರ್ಕರ್ ತಾವು ಕೂತಿದ್ದನ್ನು ಒಮ್ಮೆ ಕೈಯಿಂದ ಸವರಿ ನೋಡಿದರು. ಒಳ್ಳೆ ನುಣುಪಾಗಿ ಬಂದಿತ್ತು.

"ಇದು ಪ್ಲಾನಲ್ಲಿತ್ತಾ ಸಾರ್?"

ಅಷ್ಟರಲ್ಲಿ ಅಮ್ಮ ಕಾಫಿ ತಂದರು. "ಸಕ್ಕರೆ ಹಾಕಿಲ್ಲ, ನಿಮಗೆ ಅಂತ" ಅಂದರು. ಅವರು ಒಮ್ಮೆ ನನ್ನ ಮುಖ ನೋಡಿದರು. ನಾನು ದೊಡ್ಡಮ್ಮನ ಜಗುಲಿ ಕಡೆ ನೋಡಿದೆ. ಕಾಫಿ ಕುಡಿದು, ಲೋಟ ಎಲ್ಲಿಡೋದು ಅಂತ ಒಂದು ಕ್ಷಣ ಹುಡುಕಿ, ಪಕ್ಕದಲ್ಲೇ ಜಗುಲಿ ಮೇಲೆ ಇಟ್ಟರು.